ಹದಿನೇಳನೆಯ ನೆಗೆಟಿವ್

ಅಹಮದಾಬಾದ್
೧೪ ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಅಜ್ಜನಿಗೆ, ಪ್ರತೀಕ್ಷಾಳ ನಮಸ್ಕಾರ.

ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳದೆ ಹಟ ಮಾಡುತ್ತೀರಿ, ಕೋಲು ಮೂಲೆಯಲ್ಲಿಟ್ಟು ಡೈರಿಯವರೆಗೆ ನಡೆದುಹೋಗುತ್ತೀರಿ ಎಂದು ರಮಾಮಣಿ ಅತ್ತೆ ಹೇಳಿದರು. ಪ್ರೆಶರ್ ಮಾತ್ರೆ ನುಂಗಿದ ಮೇಲೆ ಉಪ್ಪಿನ ಹಪ್ಪಳ ತಿಂದರೆ ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಮ್ಮ ವಾದವನ್ನೂ ಹೇಳಿದರು. ಎಂಬತ್ತು ದಾಟಿದವರಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು, ಆದರೂ ಹೇಳುತ್ತೇನೆ: ಹಪ್ಪಳ ಬಿಡಿ, ಕೋಲು ಹಿಡಿಯಿರಿ. ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅತ್ತೆ ಸ್ಪೀಕರ್ ಹಾಕುತ್ತಾರೆ, ಆಮೇಲೆ ಕುಂದಾಪುರದ ಅರ್ಧ ಕೇರಿಗೆ ನಮ್ಮ ಮಾತು ಗೊತ್ತಾಗುತ್ತದೆ. ಇದನ್ನು ನೀವೊಬ್ಬರೇ ಓದಬೇಕು. ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೇನೆ.

ನಾನು ಹಳೆಯ ಫೋಟೋಗಳ ಸಂಗ್ರಹಾಲಯಕ್ಕೆ ಸೇರಿದಾಗ ನೀವು ನಕ್ಕಿದ್ದಿರಿ. "ಎಂತ ಮಾರಾಯ್ತಿ, ಸತ್ತವರ ಪಟ ಜೋಡಿಸಿಡುವುದಕ್ಕೂ ಸಂಬಳ ಕೊಡ್ತಾರಾ?" ಎಂದಿದ್ದಿರಿ. ಕೊಡುತ್ತಾರೆ, ಸ್ವಲ್ಪ ಕಡಿಮೆ. ಈ ಮೇ ತಿಂಗಳಲ್ಲಿ ಸೂರತ್‌ನಿಂದ ಎರಡು ಟ್ರಂಕು ಬಂದವು. ಪತ್ರಿಕೆಗಳಿಗೆ ಫೋಟೋ ತೆಗೆಯುತ್ತಿದ್ದ ಧನಸುಖಭಾಯ್ ಜರೀವಾಲಾ ತೀರಿಕೊಂಡು ವರ್ಷವಾದ ಮೇಲೆ ಅವರ ಮಗ ನೆಗೆಟಿವ್‌ಗಳನ್ನೆಲ್ಲ ನಮಗೆ ಒಪ್ಪಿಸಿದರು. ಮುಚ್ಚಳ ತೆಗೆದರೆ ಹುಳಿ ವಾಸನೆ. ಹಳೆಯ ಫಿಲ್ಮು ಕೊಳೆಯಲು ಶುರುವಾದರೆ ಹಾಗೆ ನಾರುತ್ತದೆ. ಅರ್ಧದಷ್ಟು ಆಗಲೇ ಸುರುಟಿ ಹೋಗಿದ್ದವು. ಉಳಿದವುಗಳ ನಡುವೆ ಒಂದು ಲಕೋಟೆಯ ಮೇಲೆ ಗುಜರಾತಿಯಲ್ಲಿ 'ತಾಪಿ ಪ್ರವಾಹ, ನಾನ್‌ಪುರಾ, ಉಡುಪಿ ಹೋಟೆಲ್' ಎಂದು ಬರೆದಿತ್ತು. ಯಾರಿಗೂ ಕೊಡದೆ ಅದನ್ನು ನನ್ನ ಮೇಜಿಗೆ ಎತ್ತಿಕೊಂಡೆ. ಹೆಮ್ಮೆ ಅಜ್ಜ, ಬೇರೇನಲ್ಲ.

ಏಕೆಂದರೆ ತಾಪಿ ನದಿಯ ಆ ಪ್ರವಾಹದ ಚಿತ್ರದ ಕೆಳಗೇ ನಾನು ಬೆಳೆದದ್ದು. ಸೂರತ್‌ನ ನಮ್ಮ ಹೋಟೆಲಿನ ಕೌಂಟರ್ ಹಿಂದೆ, ಲಕ್ಷ್ಮಿಯ ಪಟಕ್ಕಿಂತ ಒಂದು ಗೇಣು ಕೆಳಗೆ, ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ ಚಿತ್ರ. ಸೊಂಟದೆತ್ತರದಲ್ಲಿ ನಿಂತ ಶಟರ್, ಅದರಡಿ ಬಗ್ಗಿದ ನೀವು, ನಿಮ್ಮ ಕೈಯಲ್ಲಿ ನೀರು ಸುರಿಯುತ್ತಿರುವ ಹೆಣ್ಣುಮಗು. ಅಜ್ಜಿ ಆ ಕಥೆಯನ್ನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: ಮೆಟ್ಟಿಲಿಗೆ ನೀರು ಬಂದ ಹೊತ್ತಿನಲ್ಲಿ ನೀವು ಶಟರ್ ಎತ್ತಿ ಬೀದಿಯವರನ್ನೆಲ್ಲ ಒಳಗೆ ಕರೆದು ಮಾಳಿಗೆ ಹತ್ತಿಸಿದ್ದು, ತೇಲಿ ಬಂದ ಮಗುವನ್ನು ಎಳೆದುಕೊಂಡದ್ದು, ಅರವತ್ತೆರಡು ಜನ ಎರಡು ರಾತ್ರಿ ಬರೀ ಅವಲಕ್ಕಿ ತಿಂದು ಬದುಕಿದ್ದು. ಶಾಲೆಯ ಪ್ರಬಂಧದಲ್ಲಿ ನಾನೂ ಬರೆದು ಬಹುಮಾನ ತಂದಿದ್ದೆ.

ಲಕೋಟೆಯಲ್ಲಿ ನಾಲ್ಕು ನೆಗೆಟಿವ್‌ಗಳಿದ್ದವು. ಎದುರಿನ ಕಟ್ಟಡದ ಬಾಲ್ಕನಿಯಿಂದ ತೆಗೆದವು. ಧನಸುಖಭಾಯ್‌ಗೆ ಪತ್ರಿಕೆಗೆ ಕಳಿಸಲು ಫಿಲ್ಮನ್ನು ಒಂದೊಂದೇ ಚಿತ್ರವಾಗಿ ತುಂಡರಿಸುವ ಅಭ್ಯಾಸ. ನಮ್ಮ ಕೆಲಸದಲ್ಲಿ ಇಂಥ ತುಂಡುಗಳನ್ನು ತೆಗೆದ ಕ್ರಮದಲ್ಲೇ ಜೋಡಿಸಿ ಪಟ್ಟಿ ಬರೆಯಬೇಕು. ನಾನು ಎರಡು ನಿಮಿಷದಲ್ಲಿ ಜೋಡಿಸಿಬಿಟ್ಟೆ: ಶಟರ್ ಮೊಣಕಾಲೆತ್ತರ, ಸೊಂಟದೆತ್ತರ, ಎದೆಯೆತ್ತರ, ಪೂರ್ತಿ ಮೇಲೆ. ಕಥೆ ಗೊತ್ತಿದ್ದವಳಿಗೆ ಇನ್ನೇನು ನೋಡುವುದಿದೆ? ಪಟ್ಟಿಯನ್ನು ಶ್ರೀಪಾದ ಸರ್ ಸಹಿಗೆ ಇಟ್ಟೆ. ನಮ್ಮ ವಿಭಾಗದ ಹಿರಿಯರು, ಧಾರವಾಡದವರು, ಏರುದನಿಯಲ್ಲಿ ಮಾತಾಡಿ ಗೊತ್ತಿಲ್ಲ. ಭೂತಗನ್ನಡಿ ಇಟ್ಟು ನೋಡಿ, "ಅಂಚಿನ ಮ್ಯಾಲಿನ ಅಂಕಿ ನೋಡಿಲ್ಲೇನವಾ? ಫಿಲ್ಮ್ ಹಿಂದಕ್ಕ ಓಡೂದಿಲ್ಲ," ಎಂದರು. ಫಿಲ್ಮು ತಯಾರಿಸುವವರೇ ಪ್ರತಿ ಚಿತ್ರದ ಅಂಚಿನಲ್ಲಿ ಅಂಕಿ ಒತ್ತಿರುತ್ತಾರೆ. ಈ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಕಲಿಸುವ ಪಾಠ ಅದು. ನಾನು ನೋಡಿರಲಿಲ್ಲ. ಪೂರ್ತಿ ಮೇಲಿದ್ದ ಶಟರ್ ಹದಿನಾಲ್ಕು. ಎದೆಯೆತ್ತರ ಹದಿನೈದು. ಸೊಂಟದೆತ್ತರ ಹದಿನಾರು. ಮೊಣಕಾಲೆತ್ತರ ಹದಿನೇಳು.

ನೀವು ಶಟರ್ ಎತ್ತುತ್ತಿರಲಿಲ್ಲ ಅಜ್ಜ. ಇಳಿಸುತ್ತಿದ್ದಿರಿ.

ಹದಿನಾಲ್ಕರಲ್ಲಿ ಬಾಗಿಲ ಮುಂದೆ ಇಪ್ಪತ್ತು ಜನರಿದ್ದಾರೆ. ಕೊನೆಯ ಸಾಲಿನಲ್ಲಿ, ಮಗುವನ್ನು ಸೊಂಟಕ್ಕೇರಿಸಿಕೊಂಡ ಒಬ್ಬ ಹೆಂಗಸು. ಹದಿನೈದರಲ್ಲಿ ಅವಳು ಮೆಟ್ಟಿಲ ಹತ್ತಿರ ಬಂದಿದ್ದಾಳೆ. ಹದಿನಾರು ನಮ್ಮ ಮನೆಯ ಚಿತ್ರವೇ, ಆದರೆ ಪತ್ರಿಕೆಯವರು ಬಲಗಡೆ ಎರಡು ಬೆರಳಷ್ಟು ಕತ್ತರಿಸಿದ್ದರು. ಪೂರ್ತಿ ನೆಗೆಟಿವ್‌ನಲ್ಲಿ ಆ ಕಡೆ ಎರಡು ಕೈಗಳಿವೆ, ಬಳೆ ತೊಟ್ಟ ಕೈಗಳು. ಮಗು ತೇಲಿ ಬಂದಿರಲಿಲ್ಲ. ಅದನ್ನು ನಿಮ್ಮ ಕೈಗೆ ಕೊಟ್ಟಿದ್ದರು. ಹದಿನೇಳರಲ್ಲಿ ನಿಮ್ಮ ಮುಖವಿಲ್ಲ. ಶಟರಿನ ಅಂಚು ಹಿಡಿದ ಎಂಟು ಬೆರಳುಗಳಿವೆ, ಬಲಗೈಯಲ್ಲಿ ನಿಮ್ಮ ಪವಿತ್ರದುಂಗುರ. ಹೊರಗೆ ಆ ಹೆಂಗಸು ನೀರಿನಲ್ಲಿ ಮಂಡಿಯೂರಿ ಕೂತು ಬೀದಿಯ ಕಡೆ ತಿರುಗಿದ್ದಾಳೆ. ಅವಳ ಮುಖ ಅಷ್ಟು ಸ್ಪಷ್ಟವಾಗಿದೆ ಎಂದರೆ ಮೂಗುಬೊಟ್ಟು ಸಹ ಕಾಣುತ್ತದೆ. ಆ ಫಿಲ್ಮಿನಲ್ಲಿ ಆಮೇಲಿನದು ಯಾವುದೂ ನಮಗೆ ಸಿಕ್ಕಿಲ್ಲ.

ಭಾನುಬೆನ್ ಗೊತ್ತಲ್ಲ ನಿಮಗೆ, ಆ ಮಗು. ವಡೋದರಾದ ಗೋರ್ವಾದಿಂದ ಪ್ರತಿ ದೀಪಾವಳಿಗೆ ಲೀಲೋ ಚೇವ್ಡೋ ಎಂಬ ಕುರುಕಲು ತಿಂಡಿಯ ಡಬ್ಬಿ ಹಿಡಿದು ಬಂದು ನಿಮ್ಮ ಕಾಲಿಗೆ ಬೀಳುತ್ತಿದ್ದರು. ನೀವು ಕಾಲು ಹಿಂದಕ್ಕೆಳೆದುಕೊಂಡು, ಡಬ್ಬಿಯನ್ನು ತೆರೆಯದೆ ಅಡುಗೆಯವರಿಗೆ ಕೊಟ್ಟುಬಿಡುತ್ತಿದ್ದಿರಿ. ಸಂಕೋಚದ ಮನುಷ್ಯ ಎಂದುಕೊಂಡಿದ್ದೆವು. ಟ್ರಂಕುಗಳ ಸುದ್ದಿ ಪತ್ರಿಕೆಯಲ್ಲಿ ಓದಿ ಕಳೆದ ತಿಂಗಳು ಅವರು ಬಸ್ಸಿನಲ್ಲಿ ಇಲ್ಲಿಗೆ ಬಂದಿದ್ದರು. ಅವರಿಗೆ ಬೇಕಾದದ್ದು ಒಂದೇ. ಹೋಟೆಲು ತಲುಪುವ ಮೊದಲೇ ತಾಯಿ ಓಣಿಯಲ್ಲಿ ಕೊಚ್ಚಿಹೋದಳು ಎಂದು ಅವರಿಗೆ ಹೇಳಿದ್ದಾರೆ, ಅಂದರೆ ನಾವು ಹೇಳಿದ್ದೇವೆ. ಮನೆಯಲ್ಲಿದ್ದ ಫೋಟೋಗಳೆಲ್ಲ ಅದೇ ನೀರಿಗೆ ಹೋದವು. ಐವತ್ತು ದಾಟಿದ ಹೆಂಗಸು, ಮೊಮ್ಮಗಳಿದ್ದಾಳೆ, ತಾಯಿಯ ಮುಖ ಹೇಗಿತ್ತೆಂದು ಗೊತ್ತಿಲ್ಲ. "ಶ್ರಾದ್ಧದ ದಿನ ಖಾಲಿ ಮಣೆಯ ಮೇಲೆ ಹೂವಿಡುತ್ತೇನೆ ಬೇಟಾ. ಆ ಓಣಿಯ ಯಾವುದಾದರೂ ಚಿತ್ರದಲ್ಲಿ ಮೂಗುಬೊಟ್ಟಿಟ್ಟ ಹೆಂಗಸು ಸಿಕ್ಕರೆ ತಿಳಿಸು, ಬಳೆ ಯಾವುದೆಂದು ನಮ್ಮ ಮಾಸಿ, ಅಮ್ಮನ ತಂಗಿ, ಹೇಳಿದ್ದಾರೆ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಹುಡುಕುತ್ತೇನೆ ಎಂದೆ. ಆಗಿನ್ನೂ ಲಕೋಟೆ ತೆರೆದಿರಲಿಲ್ಲ.

ಈಗ ನೋಡಿ. ಅವರ ತಾಯಿಯ ಮುಖ ಜಗತ್ತಿನಲ್ಲಿ ಸ್ಪಷ್ಟವಾಗಿ ಕಾಣುವುದು ಒಂದೇ ಕಡೆ, ಹದಿನೇಳರಲ್ಲಿ. ಅದನ್ನು ಕೊಟ್ಟರೆ ನಿಮ್ಮ ಬೆರಳುಗಳನ್ನೂ ಕೊಟ್ಟಂತೆ. ಮುಖವನ್ನಷ್ಟೇ ಕತ್ತರಿಸಿ ಕೊಡಬಹುದು, ಕಂಪ್ಯೂಟರಿನಲ್ಲಿ ಅರ್ಧ ನಿಮಿಷದ ಕೆಲಸ. ಗುರುವಾರ ಹಾಗೆ ಕತ್ತರಿಸಿಯೂ ನೋಡಿದೆ. ಚೆನ್ನಾಗಿಯೇ ಬಂತು. ಆಮೇಲೆ ಆ ಪತ್ರಿಕೆಯವರು ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿ ಅಳಿಸಿ ಹಾಕಿದೆ. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಅದರ ಪ್ರತಿ ಎಷ್ಟಿದೆ?" ಎಂದು ಕೇಳಿದರು. ನನ್ನ ಅಪ್ಪ, ಒಂದು ಚಮಚ ಹಳಸಿದ ಚಟ್ನಿಯನ್ನೂ ಗಿರಾಕಿಗೆ ಬಡಿಸದ ಮನುಷ್ಯ, ಹಾಗೆ ಕೇಳಿದರು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ನಾನು ನ್ಯಾಯ ಹೇಳಲು ಕೂತಿಲ್ಲ. ಮಾಳಿಗೆಯ ಮೆಟ್ಟಿಲು ಮರದ್ದು, ಅರವತ್ತೆರಡು ಜನರ ಭಾರಕ್ಕೆ ಕಿರುಗುಟ್ಟುತ್ತಿತ್ತು ಎಂದು ಅಜ್ಜಿಯೇ ಹೇಳುತ್ತಿದ್ದರು. ಆಗ ಅಪ್ಪ ಅಜ್ಜಿಯ ಹೊಟ್ಟೆಯಲ್ಲಿದ್ದರು. ಇನ್ನೂ ಇಪ್ಪತ್ತು ಜನ ಹತ್ತಿದ್ದರೆ ಮಾಳಿಗೆಯೇ ಕುಸಿದು ನಾನೂ ಹುಟ್ಟುತ್ತಿರಲಿಲ್ಲವೇನೋ. ನಿಮ್ಮ ಜಾಗದಲ್ಲಿ ನಾನಿದ್ದರೆ ಶಟರ್ ಇಳಿಸುತ್ತಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಇಳಿಸಿದ್ದನ್ನು ಎತ್ತಿದ್ದು ಎಂದು ಚೌಕಟ್ಟು ಹಾಕಿ ಐವತ್ತು ವರ್ಷ ಗೋಡೆಗೆ ಬಡಿದೆವಲ್ಲ, ಆ ಮಗಳಿಂದಲೇ ಪ್ರತಿ ವರ್ಷ ನಮಸ್ಕಾರ ಮಾಡಿಸಿಕೊಂಡೆವಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ. ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ಆಗಿದ್ದರೆ ಸುಲಭವಾಗುತ್ತಿತ್ತು.

ಪಟ್ಟಿಯನ್ನು ತಿದ್ದಿ ಅಂಕಿಯ ಕ್ರಮದಲ್ಲೇ ಬರೆದಿದ್ದೇನೆ. ಶ್ರೀಪಾದ ಸರ್ ಸಹಿ ಹಾಕಿದರು. ನಾಳೆ ಭಾನುಬೆನ್ ಬರುತ್ತಾರೆ. ನಾಲ್ಕೂ ಚಿತ್ರಗಳನ್ನು, ಏನನ್ನೂ ಕತ್ತರಿಸದೆ, ಅವರ ಮುಂದೆ ಇಡುತ್ತೇನೆ. ನಿಮ್ಮ ಒಪ್ಪಿಗೆ ಕೇಳಲು ಇದನ್ನು ಬರೆಯುತ್ತಿಲ್ಲ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದು ಎಂದು ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳಿ, ಬೈಯಿರಿ, ಮಾತ್ರೆ ಮಾತ್ರ ತಪ್ಪಿಸಬೇಡಿ. ಅತ್ತೆಗೆ ನನ್ನ ನೆನಪು ತಿಳಿಸಿ. ನಿಮ್ಮ ಪಾದ ಮುಟ್ಟಿ ನಮಸ್ಕರಿಸುತ್ತೇನೆ.

ನಿಮ್ಮ ಮೊಮ್ಮಗಳು,
ಪ್ರತೀಕ್ಷಾ

ಮರೆತ ಮಾತು: ಸೋಮವಾರ ಸಂಜೆ, ಅಂಚೆಗೆ ಹಾಕುವ ಮೊದಲು ಅವಸರದಲ್ಲಿ. ಅವರು ಬಂದು ನೋಡಿ ಹೋದರು. ಹದಿನೇಳನ್ನು ಅರ್ಧ ಗಂಟೆ ನೋಡಿದರು. ಅಳಲಿಲ್ಲ, ನಿಮ್ಮನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಿಮ್ಮಲ್ಲಿ ಒಂದೇ ಮಾತು ಕೇಳಲು ಹೇಳಿದ್ದಾರೆ. ಮಗುವನ್ನು ಕೈಗೆ ಕೊಡುವಾಗ ಆ ತಾಯಿ ನಿಮಗೆ ಒಂದು ಮೊಳದಷ್ಟು ಹತ್ತಿರ ಇದ್ದಳು. ಏನು ಹೇಳಿದಳು? ಅದನ್ನು ಕೇಳಿಸಿಕೊಂಡವರಲ್ಲಿ ಈಗ ಉಳಿದಿರುವುದು ನೀವೊಬ್ಬರೇ. ಅತ್ತೆಯಿಂದ ಬರೆಸಬೇಡಿ, ನಿಮ್ಮ ಕೈಯಲ್ಲೇ ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ. ನೆನಪಿದ್ದರೆ ಅವಳ ಮಾತನ್ನಷ್ಟೇ ಬರೆಯಿರಿ ಅಜ್ಜ, ನಿಮ್ಮದು ಬೇಡ.