ಮೊದಲ ಸಲ ಕೇಳಿದರೆ ಸೊನ್ನೆ

2419, ಫೆಬ್ರವರಿ 20, ಸಂಜೆ ಆರು ಗಂಟೆ. ಇಂದು ಮಧ್ಯಾಹ್ನದ ಎಣಿಕೆ ಮುಗಿದ ಮೇಲೆ ನಾಲ್ಕನೇ ಅಂತಸ್ತಿನ ಗಾಳಿ ಫ್ಯಾನು ನಿಂತಿತು. ಅದನ್ನು ಮತ್ತೆ ಹೊಸದಾಗಿ ಶುರು ಮಾಡಿದರು. ಬೇರೇನೂ ನಡೆಯಲಿಲ್ಲ.

ಈ ಎಣಿಕೆಯ ಸ್ಕ್ರಿಪ್ಟ್ ಬರೆದವರೇ, ನಿಮ್ಮ ಹೆಸರು ಕಡತದ ಮೇಲಿಂದ ಅಳಿಸಿಹೋಗಿದೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕಲಿತದ್ದು ಏಳನೇ ತರಗತಿವರೆಗೆ. ಹಿಂದಿನ ಕಾಲಕ್ಕೆ ಕಳಿಸುವ ಇಂಥ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ. ಇದುವರೆಗೆ ಒಂದಕ್ಕೂ ಉತ್ತರ ಬಂದಿಲ್ಲ.

ನಾವಿರುವುದು ಹಳೆಯ ಚಿನ್ನದ ಗಣಿಯೊಳಗೆ. ಮೇಲಿನ ಗಾಳಿ ಉಸಿರಾಡಲು ಬಾರದು. ಗಾಳಿ, ನೀರು, ಬೆಳಕು ಎಲ್ಲವನ್ನೂ ಒಂದೇ ಮುದಿ ಕಂಪ್ಯೂಟರು ನೋಡಿಕೊಳ್ಳುತ್ತದೆ. ನೀವು ಪ್ರೊಸೆಸ್ ಎನ್ನುತ್ತಿದ್ದುದಕ್ಕೆ ನಾವು ಜೀವ ಎನ್ನುತ್ತೇವೆ. ಒಂದೊಂದು ಫ್ಯಾನನ್ನು ನಡೆಸಲು ಕಂಪ್ಯೂಟರಿನೊಳಗೆ ಒಂದೊಂದು ಜೀವ; ಅದು ನಿಂತರೆ ಫ್ಯಾನೂ ನಿಲ್ಲುತ್ತದೆ. ಮೆಮೊರಿ ಸಾಲದು. ಅದಕ್ಕೆ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಪೈಥಾನ್ ಸ್ಕ್ರಿಪ್ಟು ಪ್ರತಿ ಜೀವವನ್ನೂ ಎಷ್ಟು ದುಡಿದೆ ಎಂದು ಕೇಳುತ್ತದೆ; ಇದೇ ಎಣಿಕೆ. ಸೊನ್ನೆ ಎಂದದ್ದನ್ನು ಸೋಮಾರಿ ಎಂದು ನಿಲ್ಲಿಸುವುದು ಇಲ್ಲಿಯ ಪದ್ಧತಿ. ಹನ್ನೊಂದು ವರ್ಷ ಆ ಕೆಲಸ ಮಾಡಿದವಳು ನಾನು, ಹುಲಿಗೆಮ್ಮ.

ಹೋದ ತಿಂಗಳು ಮೂರನೇ ಅಂತಸ್ತಿನ ಫ್ಯಾನು ಹೀಗೇ ನಿಂತಿತ್ತು. ನನ್ನ ಗಂಡ ಅಮರಪ್ಪ ರಾತ್ರಿ ಪಾಳಿ ಮುಗಿಸಿ ಬಂದವನು ಬೆಳಿಗ್ಗೆ ಅದನ್ನು ಹೊಸದಾಗಿ ಶುರು ಮಾಡಿ, ಅಲ್ಲೇ ಮಲಗಿದ. ಹನ್ನೆರಡಕ್ಕೆ ಅದರ ಮುಂದೆ ಸೊನ್ನೆ ಬಂತು. ನಾನೇ ನಿಲ್ಲಿಸಿದೆ. ಮಲಗಿದ್ದ ಹತ್ತೊಂಬತ್ತು ಜನ ಏಳಲಿಲ್ಲ.

ಎಲ್ಲರೂ ಮೆಷಿನ್ನು ಹಳೆಯದು ಅಂದರು. ನನಗೆ ಸಮಾಧಾನವಾಗಲಿಲ್ಲ. ಒಂದು ಹೊಸ ಜೀವವನ್ನು ಶುರು ಮಾಡಿ ಕೇಳಿದೆ: ಸೊನ್ನೆ. ಒಂದು ಸೆಕೆಂಡು ಬಿಟ್ಟು ಮತ್ತೆ ಕೇಳಿದೆ: ನೂರಕ್ಕೆ ಮೂವತ್ತೆಂಟು. ನಿಮ್ಮ ಸ್ಕ್ರಿಪ್ಟು ಬಳಸುವ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡು, ಹಿಂದಿನ ಸಲ ಕೇಳಿದ್ದನ್ನು ನೆನಪಿಟ್ಟುಕೊಂಡು, ಅಲ್ಲಿಂದೀಚೆಗಿನ ದುಡಿತವನ್ನು ಹೇಳುತ್ತದೆ. ಹೊಸದಾಗಿ ಹುಟ್ಟಿದ್ದಕ್ಕೆ ಹಿಂದಿನ ಸಲವೇ ಇಲ್ಲ. ಅದಕ್ಕೆ ಮೊದಲ ಉತ್ತರ ಯಾವಾಗಲೂ ಸೊನ್ನೆ. ನಾನು ನಿಲ್ಲಿಸುವವರೆಗೂ ಅಮರಪ್ಪನ ಫ್ಯಾನು ತಿರುಗುತ್ತಲೇ ಇತ್ತು.

ಎಣಿಕೆಮನೆಯ ಹಿರಿಯ ಮಾನಪ್ಪನಿಗೆ ತೋರಿಸಿದೆ. ಅವನು ಪರದೆಯ ಕಡೆ ನೋಡಲೂ ಇಲ್ಲ. "ಯವ್ವಾ, ದುಃಖಕ್ಕ ತಲಿ ಕೆಟ್ಟೈತಿ ನಿಂದು. ಮುತ್ತ್ಯಾರು ಬರದದ್ದು ತಿದ್ದಾಕ ನೀ ಯಾರ?" ಅಂದ. ಕಡತಕ್ಕೆ ಬೀಗ ಹಾಕಿದ. ನನ್ನ ಕೀಲಿಯನ್ನೂ ಕಸಿದುಕೊಂಡ. ನಾಳೆಯ ಎಣಿಕೆಗೆ ತಾನೇ ಕೂರುತ್ತಾನಂತೆ.

ನಾಲ್ಕನೇ ಅಂತಸ್ತಿನಲ್ಲಿ ನನ್ನ ತಂಗಿ ಲಕ್ಕವ್ವ ಇದ್ದಾಳೆ. ಅಲ್ಲಿ ಮಲಗಬೇಡ ಎಂದು ಕಾಲು ಹಿಡಿದೆ. "ಅಕ್ಕಾ, ಪಾಳಿ ಮುಗಿಸಿ ಬಂದು ನಿನ್ನ ತಲಿ ಮ್ಯಾಲ ಮಲಗ್ಲೇನು?" ಎಂದು ನಕ್ಕಳು. ಗಣಿಯಲ್ಲಿ ಒಬ್ಬರಿಗೆ ಒಂದೇ ಹಾಸಿಗೆ.

ನೀವು ಇನ್ನೂ ಬರೆಯುತ್ತಿದ್ದರೆ, ಅಪ್ಪಾ, ತಾಯಿ, ಯಾರೇ ಆಗಿರಿ, ಒಂದೇ ಸಾಲು ಸೇರಿಸಿ. ಎರಡು ಸಲ ಕೇಳಿಸಿ. ನಡುವೆ ಒಂದು ಸೆಕೆಂಡು ಬಿಡಿ. ಅಷ್ಟೇ ಸಾಕು.

ನಾಳೆ ಹನ್ನೆರಡಕ್ಕೆ ಎಣಿಕೆ. ಲಕ್ಕವ್ವನದು ಈಗ ರಾತ್ರಿ ಪಾಳಿ. ಆ ಹೊತ್ತಿಗೆ ಅವಳು ಮಲಗಿರುತ್ತಾಳೆ.