ನನ್ನ ಸಹಿಯಿರುವ ಆ ಸುಳ್ಳನ್ನು ಹೊಡೆದುಹಾಕಿ

ಮಾನ್ಯ ಕುಲಸಚಿವರೇ,

ಸಂಗೀತ ವಿಭಾಗದಲ್ಲಿ ಪಿಯಾನೊ ಕಲಿಸುವ ಹುದ್ದೆಗೆ ಬಂದ ಒಂದು ಅರ್ಜಿಯನ್ನು ಕಳೆದ ತಿಂಗಳು ತಾವು ಸಂದರ್ಶನಕ್ಕೂ ಕರೆಯದೆ ತಿರಸ್ಕರಿಸಿದ್ದೀರಿ. ಕಾರಣ ಒಂದೇ ಸಾಲು: "ಅಭ್ಯರ್ಥಿಯು ಈ ಹಿಂದೆ ಇದೇ ವಿಶ್ವವಿದ್ಯಾಲಯದಲ್ಲಿ ಅಂತಿಮ ವರ್ಷದ ವ್ಯಾಸಂಗವನ್ನು ಆಸಕ್ತಿಯ ಕೊರತೆಯಿಂದ ಸ್ವಇಚ್ಛೆಯಿಂದ ತೊರೆದಿರುತ್ತಾರೆ." ಆ ಸಾಲು ಸುಳ್ಳು. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಬರೆದು ಸಹಿ ಹಾಕಿದವಳು ನಾನು. ನನ್ನ ನಿವೃತ್ತಿಯ ಕಾಗದಗಳನ್ನು ಎರಡು ಸಲ ಕಳೆದುಹಾಕಿದ ತಮ್ಮ ಕಚೇರಿ ಈ ಒಂದು ಹಾಳೆಯನ್ನು ಮಾತ್ರ ಗೆದ್ದಲು ಮುಟ್ಟದಂತೆ ಕಾಪಾಡಿದೆ. ಶಹಬ್ಬಾಸ್ ಅನ್ನಲೇಬೇಕು. ಇದನ್ನೆಲ್ಲ ತಿಳಿಸಿ ತಮಗೆ ಖಾಸಗಿಯಾಗಿ ಎರಡು ಪತ್ರ ಬರೆದೆ. "ದಾಖಲೆಗಳ ಪ್ರಕಾರ ಕ್ರಮ ಜರುಗಿಸಲಾಗಿದೆ" ಎಂದು ಉತ್ತರ ಬಂತು. ದಾಖಲೆಯೇ ಸುಳ್ಳು ಎಂದು ಅದನ್ನು ಬರೆದವಳೇ ಹೇಳಿದರೂ ದಾಖಲೆಯನ್ನೇ ನಂಬುತ್ತೀರಿ ಎಂದಮೇಲೆ, ಇನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಎದುರಿಗೇ ಹೇಳಬೇಕಾಯಿತು.

ನನ್ನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮೂವತ್ತನಾಲ್ಕು ವರ್ಷ ತಮ್ಮಲ್ಲಿ ಪಿಯಾನೊ ಕಲಿಸಿದೆ. ಅದಕ್ಕೂ ಮೊದಲು ಸಂಗೀತ ಕಛೇರಿಗಳನ್ನು ಕೊಡುತ್ತಿದ್ದೆ. ಚಿಕ್ಕ ವಯಸ್ಸಿನಲ್ಲೇ ಒಂದು ದೊಡ್ಡ ಬಹುಮಾನ ಬಂತು, ಐದಾರು ಊರುಗಳಿಂದ ಕರೆ ಬಂತು. ಒಬ್ಬ ವಿಮರ್ಶಕರು ಬರೆದರು: "ಒಂದು ಸ್ವರವೂ ತಪ್ಪಲಿಲ್ಲ, ಒಂದು ಸ್ವರವೂ ಮನೆಯವರೆಗೆ ಜೊತೆಗೆ ಬರಲಿಲ್ಲ." ಓದಿ ಎರಡು ದಿನ ಊಟ ಸೇರಲಿಲ್ಲ. ಸಿಟ್ಟು ಬಂದದ್ದು ಅವರು ಸುಳ್ಳು ಹೇಳಿದ್ದಕ್ಕಲ್ಲ. ಆಮೇಲೆ ಕರೆಗಳು ಕಡಿಮೆಯಾದವು, ನಾನು ಮೇಷ್ಟ್ರಾದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದು ಕುಳಿತಾಗ ನಾನು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ನನ್ನಿಂದ ಆಗದೇ ಉಳಿದದ್ದನ್ನು ಆಗಿಸುವ ಕೈ ಯಾವುದು ಎಂದು.

ಅಂಥ ಹೊತ್ತಿನಲ್ಲಿ ಗುಬ್ಬಿ, ಅಂದರೆ ತಾವು ತಿರಸ್ಕರಿಸಿದ ಈ ಅಭ್ಯರ್ಥಿ, ಬಂದಳು. ಆ ಅಡ್ಡಹೆಸರು ನಾನಿಟ್ಟದ್ದು. ಅವಳ ಹಸ್ತ ಅಷ್ಟು ಪುಟ್ಟದು. ಪಿಯಾನೊದ ಎಂಟು ಬಿಳಿ ಕೀಗಳ ಅಗಲ ಮುಟ್ಟಲು ಅವಳ ಹೆಬ್ಬೆರಳೂ ಕಿರುಬೆರಳೂ ಹಿಗ್ಗಿ ಬಿಳಿಚಿಕೊಳ್ಳುತ್ತಿದ್ದವು. ಆದರೆ ಅವಳು ನಿಧಾನದ ಒಂದು ಪುಟ ನುಡಿಸಿದರೆ ಪಕ್ಕದ ಕೋಣೆಯ ಗುಮಾಸ್ತರು ಟೈಪ್ ಮಾಡುವುದನ್ನು ನಿಲ್ಲಿಸುತ್ತಿದ್ದರು. ನನಗಾಗಿ ಅವರು ಯಾವತ್ತೂ ನಿಲ್ಲಿಸಿರಲಿಲ್ಲ.

ಅವಳ ಕೊನೆಯ ವರ್ಷದ ಪರೀಕ್ಷೆಗೆ ಹೊರದೇಶದ ಹೆಸರಾಂತ ಪಿಯಾನೊ ವಾದಕರೊಬ್ಬರು ಪರೀಕ್ಷಕರಾಗಿ ಬರುವವರಿದ್ದರು. ನಾನು ಅವಳಿಗೆ ಅತಿ ದೊಡ್ಡ ಕೃತಿಯೊಂದನ್ನು ಆರಿಸಿದೆ. ಪುಟಗಟ್ಟಲೆ ಬೆರಳು ಅಗಲಿಸಿ ಹಿಡಿಯಬೇಕಾದ ಸ್ವರಗಳು, ಕೈ ನೆಗೆಸಬೇಕಾದ ಜಾಗಗಳು.

"ಮೇಡಂ, ಇದು ನನ್ನ ಕೈಗೆ ದೊಡ್ಡದಾಗಲ್ವಾ?" ಅಂದಳು.

"ನಿನ್ನ ಕೈ ಚಿಕ್ಕದಲ್ಲ, ಧೈರ್ಯ ಚಿಕ್ಕದು" ಅಂದೆ.

ಎರಡು ತಿಂಗಳಿಗೆ ನೋವು ಶುರುವಾಯಿತು. ಅವಳು ಮೂರು ಸಲ ಹೇಳಿದಳು. ನಾನು ಮೂರು ಸಲವೂ "ನೋವಿಲ್ಲದೆ ಯಾರಿಗೆ ಬಂದಿದೆ ವಿದ್ಯೆ?" ಎಂದೆ. ನಾಲ್ಕನೆಯ ಸಲ ಅವಳ ಅಮ್ಮನೇ ಬಂದರು. ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದರು.

"ಮೇಡಂ, ಇವಳಿಗೆ ಬಾಟ್ಲಿ ಮುಚ್ಚಳ ತೆಗೆಯೋಕೂ ಆಗ್ತಿಲ್ಲ. ಒಂದೆರಡು ತಿಂಗಳು ಕೈಗೆ ರೆಸ್ಟ್ ಕೊಡಿ. ನಾನು ಇಂಥದ್ದನ್ನ ನೋಡಿದೀನಿ."

"ನೀವು ಇಂಜೆಕ್ಷನ್ ನೋಡ್ಕೊಳ್ಳಿ, ಪಿಯಾನೊ ನಾನು ನೋಡ್ಕೋತೀನಿ" ಅಂದೆ ನಾನು. ಮಗಳ ಎದುರಿಗೇ. ಆ ತಾಯಿ ಪ್ರಾಧ್ಯಾಪಕಿ ಅನ್ನುವ ಪದಕ್ಕೆ ಮರ್ಯಾದೆ ಕೊಟ್ಟು ಹೊರಟುಹೋದರು.

ಪರೀಕ್ಷೆಗೆ ಮೂರು ವಾರವಿತ್ತು. ಇಬ್ಬರೂ ಎದುರುಬದುರು ಪಿಯಾನೊಗಳಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಒಂದು ಪುಟದ ನಡುವೆ ಅವಳ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಚಿಕೊಂಡವು, ಬಿಚ್ಚಲಿಲ್ಲ. ಯಾರದೋ ಕೈ ನೋಡುವಂತೆ ಅವಳು ತನ್ನ ಕೈಯನ್ನು ನೋಡಿಕೊಂಡಳು. ನಾನು ಏನಂದೆ ಗೊತ್ತೇ? "ಮೊದಲಿಂದ" ಅಂದೆ. ನುಡಿಸಿದಳು, ಅಲ್ಲೇ ಮಡಚಿಕೊಂಡವು. "ಇನ್ನೊಂದು ಸಲ" ಅಂದೆ. ಅದಾದಮೇಲೆ ಅವಳು ಪಿಯಾನೊದ ಮುಚ್ಚಳವನ್ನು ಎಡಗೈಯಲ್ಲಿ ಮೆಲ್ಲಗೆ ಮುಚ್ಚಿ ಎದ್ದು ಹೋದಳು.

ಪರೀಕ್ಷೆಯನ್ನು ಆರು ತಿಂಗಳು ಮುಂದೂಡಿ ಎಂದು ವೈದ್ಯರ ಪತ್ರದೊಂದಿಗೆ ಅರ್ಜಿ ಕೊಟ್ಟಳು. ಅದು ನನ್ನ ಮೂಲಕವೇ ಹೋಗಬೇಕು ಎಂಬುದು ತಮ್ಮ ನಿಯಮ. ಗಾಯ ಮಾಡಿದವರ ಸಹಿಯಿಲ್ಲದೆ ಗಾಯವನ್ನು ಒಪ್ಪದ ನಿಯಮವನ್ನು ಯಾವ ಪುಣ್ಯಾತ್ಮರು ಬರೆದರೋ! ಅದೇ ತಿಂಗಳು ನನ್ನ ಬಡ್ತಿಯ ಕಡತವೂ ಮೇಲೆ ಹೋಗಿತ್ತು. ಕೈ ಹೇಗೆ ಕೆಟ್ಟಿತು ಎಂದು ಯಾರಾದರೂ ಕೇಳಿದ್ದರೆ ಉತ್ತರ ನನ್ನ ಕೋಣೆಯಲ್ಲಿತ್ತು. ಹಾಗಾಗಿ ಆ ಅರ್ಜಿಯನ್ನೂ ವೈದ್ಯರ ಪತ್ರವನ್ನೂ ಡ್ರಾಯರಿನಲ್ಲಿಟ್ಟೆ. ವಿದ್ಯಾರ್ಥಿನಿ ತರಗತಿಗೆ ಯಾಕೆ ಬರುತ್ತಿಲ್ಲ ಎಂದು ಕಚೇರಿ ಕೇಳಿದಾಗ ಆ ಸಾಲು ಬರೆದೆ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವಳಿಗೆ ನಾನು ಕಳಿಸಿದ ಉತ್ತರ "ಮುಂದೂಡಲು ಅವಕಾಶವಿಲ್ಲ" ಎಂದಷ್ಟೇ.

ಬೇರೆ ಕಡೆ ಓದಿ, ಶಿಕ್ಷಕಿಯ ಪದವಿ ಪಡೆದು, ಅವಳು ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದಾಳೆ. ತಾವು ತಿರಸ್ಕರಿಸಿದ ಸುದ್ದಿ ತಿಳಿದಾಗ ಅವಳನ್ನು ಹುಡುಕಿಕೊಂಡು ಹೋದೆ. ಕನ್ನಡಕದ ಅಂಗಡಿಯ ಮೇಲೆ ಒಂದೇ ಕೋಣೆ, ಹಳೆಯ ಪಿಯಾನೊ. ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಳಗೆ ಪುಟ್ಟ ಹುಡುಗಿಯೊಬ್ಬಳು "ಟೀಚರ್, ಬೆರಳು ನೋಯ್ತಿದೆ" ಅಂದಳು. ಗುಬ್ಬಿ ತಕ್ಷಣ ಅಂದಳು, "ಎಲ್ಲಿ, ತೋರಿಸು. ಸರಿ, ಇವತ್ತು ಕೈ ಬೇಡ, ಕಿವಿ ಸಾಕು. ನಾನು ಹಾಡ್ತೀನಿ, ತಪ್ಪು ಎಲ್ಲಿ ಬಂತು ಹೇಳು ನೋಡೋಣ." ಆಮೇಲೆ ಇಬ್ಬರೂ ನಕ್ಕರು. ನನ್ನ ತರಗತಿಯಲ್ಲಿ ಯಾರೂ ನಕ್ಕ ನೆನಪು ನನಗಿಲ್ಲ.

ಪಾಠ ಮುಗಿದ ಮೇಲೆ ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ, ತಪ್ಪಾಯಿತು ಅಂದೆ.

"ಕ್ಷಮೆ ಕೇಳೋಕೆ ಬಂದ್ರಾ, ಇಲ್ಲಾ 'ಕ್ಷಮಿಸಿದೆ' ಅಂತ ನನ್ನಿಂದ ಹೇಳಿಸ್ಕೊಂಡು ಹೋಗೋಕೆ ಬಂದ್ರಾ ಮೇಡಂ?" ಅಂದಳು. ದನಿ ಏರಿಸಲಿಲ್ಲ. "ಇಷ್ಟು ವರ್ಷ ನನಗೆ ಕೈಕೊಟ್ಟಿದ್ದು ನನ್ನ ಕೈಯೇ ಅಂದ್ಕೊಂಡಿದ್ದೆ. ಆಸಕ್ತಿ ಇರ್ಲಿಲ್ಲ ಅಂತ ಬರೆದ್ರಲ್ಲ, ಬೇರೆ ಏನು ಬರೆದಿದ್ರೂ ತಡ್ಕೋತಿದ್ದೆ."

ಅಮ್ಮ ಹೇಗಿದ್ದಾರೆ ಎಂದು ಕೇಳಿದೆ.

"ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. 'ಅವತ್ತು ನಾನು ಇನ್ನೂ ಸ್ವಲ್ಪ ಜಗಳ ಆಡಬೇಕಿತ್ತು ಕಣೇ' ಅಂತ ಕೊನೇವರೆಗೂ ಹೇಳ್ತಿದ್ಲು."

ನನ್ನ ತಪ್ಪನ್ನು ಆ ತಾಯಿ ತನ್ನದೆಂದುಕೊಂಡು ಹದಿನೈದು ವರ್ಷ ಹೊತ್ತರು. ಅವರಿಗೆ ನಾನು ಯಾವ ವಿಳಾಸಕ್ಕೆ ಪತ್ರ ಬರೆಯಲಿ?

ಕುಲಸಚಿವರಿಗೆ ಬರೆಯಲೇ ಎಂದು ಕೇಳಿದೆ. "ಬರೀರಿ. ನನ್ನ ಪರವಾಗಿ ಬೇಡ್ಕೊಂಡು ಬರೀಬೇಡಿ. ಆಗಿದ್ದನ್ನ ಬರೀರಿ" ಅಂದಳು.

ಆದ್ದರಿಂದ ಬೇಡುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ನಿಜವನ್ನು ಬರೆಸಿ. ವೈದ್ಯರ ಪತ್ರದ ಮೂಲಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅವಳನ್ನು ಸಂದರ್ಶನಕ್ಕೆ ಕರೆಯಿರಿ, ನನ್ನ ಪರಿಚಯದವರು ಯಾರೂ ಇಲ್ಲದ ಸಮಿತಿಯ ಮುಂದೆ. ವಿದ್ಯಾರ್ಥಿ ನೋವು ಎಂದರೆ ಮೇಷ್ಟ್ರ ಸಹಿಯಿಲ್ಲದೆಯೇ ತಮ್ಮ ಕಚೇರಿ ಕೇಳಿಸಿಕೊಳ್ಳಲಿ. ನನ್ನ ಮೇಲೆ ವಿಚಾರಣೆ ನಡೆಸಿ. ನಿವೃತ್ತರ ಮೇಲೆ ನಡೆಸಲು ನಿಯಮವಿಲ್ಲ ಎನ್ನುತ್ತೀರೋ? ನಾನೇ ಬಂದು ಕೂರುತ್ತೇನೆ, ಕುರ್ಚಿಯೊಂದು ಹಾಕಿಸಿ ಸಾಕು. ಈ ಸಲ ನನಗೆ ಉತ್ತರ ಬರೆಯುವ ತೊಂದರೆ ಬೇಡ. ಉತ್ತರವನ್ನು ಅವಳಿಗೆ ಬರೆಯಿರಿ.

ಇಂತಿ,
ಕೇಳುವುದನ್ನೇ ಕಸುಬು ಮಾಡಿಕೊಂಡೂ ಕೇಳಿಸಿಕೊಳ್ಳದೆ ಹೋದ,
ತಮ್ಮ ಪಿಯಾನೊ ವಿಭಾಗದ ನಿವೃತ್ತ ಪ್ರಾಧ್ಯಾಪಕಿ