ನಿನ್ನೆ ನಾನೇನು ಮಾಡಿದೆ

ಮಾರ್ಚ್ 3, ಸೋಮವಾರ

ಬಾಯ್ಲರ್ ಮತ್ತೆ ಕೈಕೊಟ್ಟಿತು. ಹೋಟೆಲಿನ ಬೆಡ್‌ಶೀಟುಗಳು ಗುಡ್ಡೆ ಬಿದ್ದಿವೆ. ಇದರ ಮಧ್ಯೆ ಲಾಂಡ್ರಿಗೆ ಹೊಸ ಸೂಪರ್‌ವೈಸರ್. ಸದಾ ಹಲ್ಲು ಬಿಟ್ಟುಕೊಂಡೇ ಇರುತ್ತಾಳೆ — ಮಧ್ಯಾಹ್ನದೊಳಗೆ ನಗುಮುಖ ಅಂತ ಹೆಸರು ಬಿತ್ತು. ಇನ್ನು ಮೇಲೆ ಮಷೀನ್ ಶುರುವಾಗುವ ಮುಂಚೆ ಎಲ್ಲರೂ ಸುತ್ತ ನಿಂತು, ನಿನ್ನೆ ಆದ ಒಂದು ಒಳ್ಳೆಯ ಸಂಗತಿ ಹೇಳಬೇಕಂತೆ. ಮನೆಯದೋ, ಕೆಲಸದ್ದೋ. ಪಾಸಿಟಿವ್ ಆಗಿರಬೇಕಂತೆ.

"ಬಾಯ್ಲರ್ ರಿಪೇರಿ ಮಾಡಿಸ್ಲಿ, ತಾನಾಗೇ ಪಾಸಿಟಿವ್ ಆಗ್ತೀವಿ" ಅಂದಳು ನನ್ನ ಜೋಡಿ. ಮೆಲ್ಲಗೆ ಅಂದಳು, ಪುಣ್ಯಕ್ಕೆ. ಶೀಟಿನ ಆ ತುದಿ ಅವಳದು, ಈ ತುದಿ ನನ್ನದು. ಜಗ್ಗಿ, ಕೊಡವಿ, ಎದುರುಬದುರು ನಡೆದು ಮಡಚುವುದು. ಒಬ್ಬರ ಕೈಲಿ ಆಗುವ ಕೆಲಸವಲ್ಲ.

ನನ್ನ ಸರದಿ ಬಂದಾಗ ತಲೆ ಖಾಲಿ. ಬಾಯಿಗೆ ಬಂದದ್ದು ಹೇಳಿದೆ — "ನಿನ್ನೆ ಯಜಮಾನ್ರು ಟೀ ಮಾಡಿಕೊಟ್ರು."

ಎಲ್ಲರೂ ಚಪ್ಪಾಳೆ. ಜೋಡಿಯ ಕಣ್ಣಲ್ಲಿ ನೀರು. ಅವಳಿಗೆ ಗೊತ್ತು. ಇವರು ಓಡಿಸುತ್ತಿದ್ದ ಬಸ್ಸಿನಡಿ ಸೈಕಲಿನವನು ಸಿಕ್ಕಿ ಸತ್ತ ಮೇಲೆ, ಬಚ್ಚಲಿಗೆ ಬಿಟ್ಟರೆ ಇವರು ರೂಮಿನಿಂದ ಆಚೆ ಬಂದವರಲ್ಲ. ತಪ್ಪು ಡ್ರೈವರದಲ್ಲ ಅಂತ ಕೋರ್ಟೇ ಹೇಳಿತು. ಇವರು ಒಪ್ಪಬೇಕಲ್ಲ.

ಟೀಯಂತೆ. ಸ್ಟವ್ ಎಲ್ಲಿದೆ ಅಂತಲೂ ಮರೆತಿರಬೇಕು.

ಮಾರ್ಚ್ 4

ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಸಂಜೆ ತಟ್ಟೆ ಒಯ್ದಾಗ ಹೇಳಿಬಿಟ್ಟೆ — ನೀವು ಟೀ ಮಾಡಿದ್ರಿ ಅಂದೆ, ಎಲ್ಲರೂ ಚಪ್ಪಾಳೆ ಹೊಡೆದ್ರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಬೈತಾರೆ ಅಂದುಕೊಂಡೆ. ಬೈದಿದ್ದರೂ ಸಂತೋಷವೇ.

"ಸಕ್ಕರೆ ಎಷ್ಟು ಹಾಕಿದ್ನಂತೆ?"

ತಾವಾಗಿ ಒಂದು ಮಾತು ಕೇಳಿ ಎಷ್ಟು ಕಾಲವಾಯಿತೋ.

"ಎರಡು ಚಮಚ" ಅಂದೆ.

"ನಾನು ಅಷ್ಟು ಹಾಕಲ್ಲ. ಸುಳ್ಳು ಹೇಳಿದ್ರೂ ಸರಿಯಾಗಿ ಹೇಳು."

ಮಾರ್ಚ್ 7

ಈಗ ದಿನಾ ಇದೇ. ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ — "ನಿನ್ನೆ ನಾನೇನು ಮಾಡಿದೆ?"

"ನಲ್ಲಿಗೆ ವಾಷರ್ ಹಾಕಿದ್ರಿ."

"ರಬ್ಬರಿಂದಾ, ನೈಲಾನಿಂದಾ?"

"ರಬ್ಬರಿಂದು."

"ಒಂದು ತಿಂಗಳೂ ಬರಲ್ಲ ಅದು. ಯಾರೂ ಕೇಳ್ಲಿಲ್ವಾ?"

"ಲಾಂಡ್ರಿಯವ್ರಿಗೆ ವಾಷರ್ ವಿಷ್ಯ ಏನ್ರೀ ಗೊತ್ತು."

ನಕ್ಕರು. ನಿಜವಾಗಿ. ಆಮೇಲೆ ನಕ್ಕಿದ್ದಕ್ಕೆ ತಾವೇ ಬೆಚ್ಚಿದವರ ಹಾಗೆ ಹೊದಿಕೆ ಎಳೆದುಕೊಂಡರು.

ನಲ್ಲಿ ತೊಟ್ಟಿಕ್ಕುತ್ತಲೇ ಇದೆ. ಬರೆಯುತ್ತಾ ಕೇಳಿಸುತ್ತಿದೆ.

ಮಾರ್ಚ್ 12

ಲಾಂಡ್ರಿಯಲ್ಲಿ ನನ್ನ ಗಂಡನೇ ಹೀರೋ. ಗಿಡಕ್ಕೆ ನೀರು ಹಾಕುತ್ತಾರೆ, ಸಿಳ್ಳೆ ಹೊಡೆಯುತ್ತಾರೆ, ನನ್ನ ಕಾಲು ನೋವಿಗೆ ಎಣ್ಣೆ ಬಿಸಿ ಮಾಡುತ್ತಾರೆ. ಇಸ್ತ್ರಿಯವನು ಹೇಳಿದ — "ಅಕ್ಕಾ, ಭಾವನ್ನ ಒಂದಿನ ನಮ್ಮನೆಗೂ ಕಳಿಸಿ, ನನ್ನ ಹೆಂಡ್ತಿ ಬದುಕ್ಕೊಳ್ತಾಳೆ." ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಶೀಟು ಮುಗಿದದ್ದೇ ತಿಳಿಯಲಿಲ್ಲ. ಕೆಲಸ ಇಷ್ಟು ಹಗುರ ಇರಬಹುದು ಅಂತ ಗೊತ್ತೇ ಇರಲಿಲ್ಲ.

ಮನೆ ಬೀಗಕ್ಕೆ ಕೀ ಹಾಕುವಾಗ ಮಾತ್ರ... ಆ ಗಂಡನೇ ಬಾಗಿಲು ತೆಗೆಯಲಿ ಅನ್ನಿಸುತ್ತದೆ. ಡಾಕ್ಟರ್ ಹೇಳಿದ್ದರು, ಬಲವಂತ ಬೇಡ, ಹೊರಗೆ ಬರುವ ಆಸೆ ಹುಟ್ಟಿಸಿ. ಆಸೆಯೇನೋ ಹುಟ್ಟಿದೆ. ನನಗೆ.

ಮಾರ್ಚ್ 13

ಮನೆಯ ಶೀಟು ಒಬ್ಬಳೇ ಮಡಚುತ್ತಿದ್ದೆ. ನೆಲಕ್ಕೆ ತಾಗುತ್ತಿತ್ತು. ಸುಮ್ಮನೆ ಎರಡು ತುದಿ ಇವರ ಕಡೆ ಚಾಚಿದೆ. ಮಂಚದ ಮೇಲೆ ಕೂತೇ ಹಿಡಿದುಕೊಂಡರು. ಎದ್ದು ಬರಲಿಲ್ಲ. ನಾನೇ ನಡೆದು ಹೋಗಿ ತುದಿಗೆ ತುದಿ ಸೇರಿಸಿದೆ. ಕೈಗೆ ಕೈ ತಾಗಿತು.

ಇದನ್ನು ನಾಳೆ ಹೇಳುವುದಿಲ್ಲ. ವಾಷರ್ ಹಾಕಿದವನ ಮುಂದೆ ಇದೇನು ದೊಡ್ಡದು ಅಂದಾರು.

ಮಾರ್ಚ್ 16, ಭಾನುವಾರ

ಇವರೇ ಹೇಳಿದರು — "ಲಾಂಡ್ರಿಯವ್ರನ್ನೆಲ್ಲ ಒಂದಿನ ನಾನು ಟೀಗೆ ಕರೆದೆ ಅಂತ ಹೇಳು."

"ಹೇಳಿದ್ರೆ ಬಂದೇ ಬಿಡ್ತಾರೆ."

"ಬರ್ಲಿ."

"ಹೊರಗೆ ಬಂದು ಕೂತ್ಕೋತೀರಾ?"

"ಕೂತ್ಕೋತೀನಿ."

ಕೂತ್ಕೋತೀನಿ ಅಂದರು. ನನ್ನ ಕಿವಿಯಾರೆ ಕೇಳಿದೆ.

ಮಾರ್ಚ್ 23, ಭಾನುವಾರ, ಸಂಜೆ 7

ಎಲ್ಲರೂ ಟೀಗೆ ಬರುವವರಿದ್ದರು. ಬೆಳಿಗ್ಗೆ ತಾವೇ ಶೇವ್ ಮಾಡಿಕೊಂಡರು. ನೀಲಿ ಶರ್ಟು ಹಾಕಿಕೊಂಡರು. ಗೇಟಿನ ಹತ್ತಿರ ಜೋಡಿಯ ದನಿ ಕೇಳಿದ್ದೇ ತಡ, ರೂಮಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡರು.

ಏನು ಮಾಡಲಿ. ಇವರ ಚಪ್ಪಲಿ ಸ್ಟ್ಯಾಂಡಿನಲ್ಲಿತ್ತು, ಧೂಳು ಹಿಡಿದು. ತೆಗೆದು ಸೋಫಾದ ಕೆಳಗೆ ತಳ್ಳಿದೆ. ಬಾಗಿಲು ತೆಗೆದು, "ಈಗಷ್ಟೇ ವಾಕಿಂಗ್ ಹೋದ್ರು" ಅಂದೆ.

"ರಸ್ತೆಗೆ ಇಳಿಯೋಷ್ಟು ಆದ್ರಾ? ನೀನು ಗೆದ್ದೆ ಬಿಡೇ" ಅಂದಳು ಜೋಡಿ. ನಗುಮುಖ ನನ್ನನ್ನು ತಬ್ಬಿಕೊಂಡಳು. ನಮ್ಮ ಹಾಲಿನಲ್ಲೇ ನಿಂತು ಎಲ್ಲರೂ ಚಪ್ಪಾಳೆ ತಟ್ಟಿದರು. ಮುಚ್ಚಿದ ಬಾಗಿಲಿನ ಎದುರಿಗೇ. ನಾನೂ ತಟ್ಟಿದೆ.

ಅವರು ಹೋದ ಮೇಲೆ ಚಿಲಕ ತೆಗೆದ ಸದ್ದು. ಹೋದೆ. ನೀಲಿ ಶರ್ಟಿನಲ್ಲೇ ಮಂಚದ ಮೇಲೆ ಕೂತಿದ್ದರು.

"ಎಲ್ಲೀ ತನಕ ವಾಕಿಂಗ್ ಹೋಗಿದ್ದೆ ನಾನು?"

ಸಿಟ್ಟು ನೆತ್ತಿಗೇರಿತು. "ಬನ್ರೀ, ಗೇಟಿನ ತನಕ ಬನ್ನಿ. ಒಂದೇ ಸಲ. ನಾಳೆ ನಿಜ ಹೇಳ್ತೀನಿ. ನನಗೂ ಸಾಕಾಗಿದೆ."

ಕೈಯೆರಡೂ ಮುಂದೆ ಹೋದವು, ಸ್ಟೇರಿಂಗ್ ಹಿಡಿದವರ ಹಾಗೆ. "ನೀನು ಹೇಳಿದ್ರೆ ಹೋದ ಹಾಗಿರುತ್ತೆ ಕಣೇ. ನಾನು ಹೋದ್ರೆ ಅವನು ಸೈಕಲ್ ಸಮೇತ ಬರ್ತಾನೆ."

ಮಾರ್ಚ್ 24

ನನ್ನ ಸರದಿಯಲ್ಲಿ "ಏನೂ ಇಲ್ಲ" ಅಂದೆ. ನಗುಮುಖದ ನಗು ಹಾಗೇ ನಿಂತಿತು. "ಏನಾದ್ರೂ ಇರುತ್ತೆ, ಯೋಚ್ನೆ ಮಾಡಿ" ಅಂದಳು. ಪಾಪ, ಅವಳದೇನು ತಪ್ಪು.

ಮನೆಯಲ್ಲಿ — "ನಿನ್ನೆ ನಾನೇನು ಮಾಡಿದೆ?"

"ಏನೂ ಮಾಡಿಲ್ಲ."

ಗೋಡೆ ಕಡೆ ತಿರುಗಿಕೊಂಡರು.

ಮಾರ್ಚ್ 25

ಕೇಳಲಿಲ್ಲ. ಊಟ ಹಾಗೇ ಇತ್ತು.

ಮಾರ್ಚ್ 27

ಇವತ್ತೂ ಕೇಳಲಿಲ್ಲ. ಎರಡು ತುತ್ತು ಬಲವಂತಕ್ಕೆ. ಶೀಟಿನ ತುದಿ ಚಾಚಿದೆ. ಹಿಡಿಯಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಗಡ್ಡ ಮತ್ತೆ ಬಂದಿದೆ. ಅದೇ ನೀಲಿ ಶರ್ಟು.

ಹಟ ಯಾರ ಮೇಲೆ ಸಾಧಿಸಲಿ. ನನ್ನ ಕೈಲಾಗುವುದಿಲ್ಲ.

ಮಾರ್ಚ್ 28, ಸಂಜೆ

ಬೆಳಿಗ್ಗೆ ಲಾಂಡ್ರಿಯಲ್ಲಿ ಹೇಳಿದೆ. ಚಪ್ಪಾಳೆ ತಟ್ಟಿದರು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ರೂಮಿಗೆ ಹೋಗಿ, ಇವರ ಬೆನ್ನಿಗೂ ಅದನ್ನೇ ಹೇಳಿದೆ — "ನಿನ್ನೆ ನೀವು ಗೇಟಿನ ತನಕ ಬಂದ್ರಿ."

ಮೆಲ್ಲಗೆ ಮಗ್ಗುಲು ಬದಲಿಸಿದರು. ಕಣ್ಣಲ್ಲಿ ಅದೇ ಆಸೆ. ಬೆಳಿಗ್ಗೆ ಇಟ್ಟುಹೋದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸೈಕಲ್ ಏನಾದ್ರೂ ಬಂತಾ?"

"ಇಲ್ಲ. ರಸ್ತೆ ಖಾಲಿ ಇತ್ತು."

"ಚಪ್ಪಲಿ ಹಾಕ್ಕೊಂಡಿದ್ನಾ?"

"ಹಾಕ್ಕೊಂಡಿದ್ರಿ. ನಾನೇ ಧೂಳು ಒರೆಸಿ ಕೊಟ್ಟೆ. ಹಾಕ್ಕೊಂಡು, ನನ್ನ ಕೈ ಹಿಡ್ಕೊಂಡು..."

ಊಟ ಮಾಡುತ್ತಿದ್ದಾರೆ. ಇನ್ನೂ ಕೇಳುತ್ತಿದ್ದಾರೆ, ಬರೆಯುವುದು ಬಿಟ್ಟು ಬಾ ಅನ್ನುತ್ತಿದ್ದಾರೆ. ಮುಂದೆ ಎಲ್ಲಿಗೆ ಹೋದೆವು ಅಂತ ಹೇಳಬೇಕು. ಗೇಟು ದಾಟಿ, ಬಲಕ್ಕೆ ತಿರುಗಿ —